ಬಾಗಿಲ ಕಪ್ಪೆಯ ಸ್ವಾಗತ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಕಪ್ಪೆಗೆ ದನಿ ಕೊಟ್ಟ ಮೂರ್ಖ ನಾನೇ. ಊರಲ್ಲಿ ಯಾರ ದನಿಯನ್ನಾದರೂ ಅಣಕಿಸಬಲ್ಲೆ ಎಂಬ ಕೊಬ್ಬು ನನಗೆ. ನನ್ನದೇ ದನಿಯನ್ನು ಅಣಕಿಸಿದರೆ ಮಾತ್ರ ಯಾರೂ ನಗುವುದಿಲ್ಲ. ಅದು ಮೊದಲೇ ಅಣಕದ ಹಾಗಿದೆಯಂತೆ!

ನಮ್ಮ ಚಿಕ್ಕಪ್ಪ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ ಎಂದು ಜನ ನಂಬಿದ್ದಾರೆ. ನಿಜದಲ್ಲಿ ಅವರು ಒಂದು ಕೊಳದ ಯಜಮಾನರು. ಕೊಳದಲ್ಲಿ ಹನಿ ನೀರಿಲ್ಲ! ಕಪ್ಪೆ ವೇಷದಲ್ಲಿ ಜನ ನೊಣ ಹಿಡಿಯುತ್ತ, ಹರಟುತ್ತ ಕೂರುವ ಆನ್‌ಲೈನ್ ಆಟ ಅದು. ಹುಟ್ಟಿಸಿದ ಕಂಪನಿ ಎಂದೋ ಕೈಬಿಟ್ಟಿತು. ಚಿಕ್ಕಪ್ಪ ಬಿಡಲಿಲ್ಲ. ಗೋದಾಮಿನಲ್ಲಿ ಮೂಟೆಗಳ ನಡುವೆ ಕಂಪ್ಯೂಟರ್ ಇಟ್ಟು, ಅದನ್ನೇ ಸರ್ವರ್ ಮಾಡಿ ಆಟ ನಡೆಸಿದರು.

ಆಮೇಲೆ ಆ ಆಟಕ್ಕೆ ಆಧಾರವಾಗಿದ್ದ ಫ್ಲ್ಯಾಶ್ ಎಂಬ ತಂತ್ರಾಂಶ ಸತ್ತಿತು. ಅದರಲ್ಲಿ ಮಾಡಿದ ಆಟವನ್ನು ಯಾವ ಬ್ರೌಸರೂ ತೆರೆಯದಾಯಿತು. ಬೇರೆಯವರಾಗಿದ್ದರೆ ಕೈತೊಳೆದುಕೊಳ್ಳುತ್ತಿದ್ದರು. ಇವರು ಆಟವನ್ನು ಹೊಸದಾಗಿ ಕಟ್ಟಲೆಂದು, ಐವತ್ತು ದಾಟಿದ ಮೇಲೆ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಕೂತರು! ಪ್ರತಿ ತಾವರೆ ಎಲೆಯನ್ನೂ ಹೊಸದಾಗಿ ಬಿಡಿಸಿದರು. ಗೆಂಡೆಹಳ್ಳಿಯ ಮೇಷ್ಟ್ರೊಬ್ಬರ ಕಪ್ಪೆಗೆ ಎಡಗಣ್ಣಿನ ಮೇಲೆ ಮಚ್ಚೆ ಇತ್ತಂತೆ. ಆ ಮಚ್ಚೆಗೇ ಮೂರು ದಿನ.

"ಕಪ್ಪೆಗೆಲ್ಲ ಹೊಸ ಮನೆ ಆಯ್ತು. ನಮ್ ಬಚ್ಚಲ ನಲ್ಲಿ ಯಾವತ್ರೀ ರಿಪೇರಿ?" ಎಂದರು ಚಿಕ್ಕಮ್ಮ.

"ಅದಿನ್ನೂ ಫ್ಲ್ಯಾಶ್‌ನಲ್ಲೇ ಐತೆ ಚಿಕ್ಕಮ್ಮ" ಎಂದೆ ನಾನು.

ಚಿಕ್ಕಪ್ಪ ಉತ್ತರಿಸಲಿಲ್ಲ. ಉತ್ತರಿಸಲು ನಾವು ಬಿಟ್ಟರೆ ತಾನೆ? ಅವರಿಗೆ ಮಾತು ತಡವರಿಸುತ್ತದೆ. "ಕಾ... ಕಾ..." ಎನ್ನುವಷ್ಟರಲ್ಲಿ ನಾವೇ "ಕಾಫಿ!" ಎಂದು ಮುಗಿಸಿ, ಲೋಟ ತಂದಿಡುತ್ತೇವೆ. ಅವರಿಗೆ ಬೇಕಿದ್ದದ್ದು ಕಾಗದ. ಪಾಪ, ಕಾಫಿ ಕುಡಿಯುತ್ತಾರೆ.

ಕೊಳದಲ್ಲಿ ಮಾತ್ರ ಅವರ ಬೆರಳು ತಡವರಿಸುವುದಿಲ್ಲ. ಅಲ್ಲಿ ಅವರಷ್ಟು ವಾಚಾಳಿ ಇನ್ನೊಬ್ಬರಿಲ್ಲ. ಯಾರಾದರೂ 'ಒಂದ್ಸಲ ಮಾತಾಡೋಣ' ಎಂದರೆ 'ಮೈಕು ಕೆಟ್ಟಿದೆ' ಎಂದು ಬರೆಯುತ್ತಾರೆ. ವರ್ಷಗಟ್ಟಲೆ ಕೆಟ್ಟೇ ಇರುವ ಮೈಕು! ಅದು ಏಕೆ ಕೆಟ್ಟಿದೆಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಕಂಪನಿಯ ಹಳೆಯ ದನಿಗಳು ಬೇಡ, ಹೊಸ ಮನೆಗೆ ನಮ್ಮವೇ ಇರಲಿ ಎಂದು ಕಪ್ಪೆಗಳ ದನಿಯನ್ನು ಚಿಕ್ಕಪ್ಪ ನನಗೆ ವಹಿಸಿದ್ದರು. ವಟಗುಟ್ಟುವುದನ್ನೆಲ್ಲ ನೆಟ್ಟಗೆ ಮಾಡಿದೆ. ಬಾಗಿಲಲ್ಲಿ ನಿಂತು ಸ್ವಾಗತ ಕೋರುವ ಕಪ್ಪೆ ಬಂದಾಗ ನಾಲಗೆ ತುರಿಸಿತು. "ಸ್ವಾ... ಸ್ವಾ... ಸ್ವಾ..." ಥೇಟು ಚಿಕ್ಕಪ್ಪ! ಅಲ್ಲಿಗೇ ರೆಕಾರ್ಡಿಂಗ್ ನಿಲ್ಲಿಸಿದೆ. ನಗು ಬರುವುದು ಅಲ್ಲೇ ಅಲ್ಲವೆ? "ಒಂದ್ಸಲ ಕೇಳಿ" ಎಂದರೆ ಅವರು ಕೇಳಲೂ ಇಲ್ಲ. ನೀನು ಮಾಡಿದ್ದಲ್ಲವೆ ಎಂಬಂತೆ ಬೆನ್ನು ತಟ್ಟಿ ಹೋದರು. ಆ ಜಾಗ ಈಗಲೂ ಉರಿಯುತ್ತದೆ.

ಭಾನುವಾರ ಬೆಳಿಗ್ಗೆ ಹೊಸ ಕೊಳದ ಗೃಹಪ್ರವೇಶ. ಕಂಪ್ಯೂಟರ್ ಪಕ್ಕದಲ್ಲೇ ಒಲೆಯಿಟ್ಟು ಹಾಲು ಉಕ್ಕಿಸಿದರು. ಅರ್ಧ ಹಾಲು ಕೀಬೋರ್ಡನ್ನೇ ಪ್ರವೇಶಿಸಿತು. ಬೇಲೂರು, ಅರೇಹಳ್ಳಿ, ಗಂಡಸಿಯ ಕಪ್ಪೆಗಳೆಲ್ಲ ಬಾಗಿಲಿಗೆ ಬಂದವು. ಬಾಗಿಲ ಕಪ್ಪೆ ಬಾಯಿ ತೆರೆಯಿತು.

"ಸ್ವಾ... ಸ್ವಾ... ಸ್ವಾ..."

ಪರದೆಯ ತುಂಬ ಹಹ್ಹಹ್ಹಾ. 'ಯಾರ ದನಿ ಕಣ್ರೀ ಇದು?' ಎಂದು ಬರೆದರು ಗೆಂಡೆಹಳ್ಳಿ ಮೇಷ್ಟ್ರು. ನನ್ನ ಕೈ ಸುಮ್ಮನಿರಬೇಕಲ್ಲ! ಮೊಬೈಲಿನಿಂದ ಬರೆದೆ: 'ನಮ್ ಯಜಮಾನ್ರದೇ! ಮೈಕು ರಿಪೇರಿ ಆಯ್ತು!'

ನಗು ನಿಂತಿತು. ವರ್ಷಗಟ್ಟಲೆ ಕೆಟ್ಟಿದ್ದ ಮೈಕಿನ ಗುಟ್ಟು ಎಲ್ಲರಿಗೂ ತಿಳಿದುಹೋಗಿತ್ತು. ಚಿಕ್ಕಪ್ಪ ಕೀಬೋರ್ಡ್ ಒರೆಸುತ್ತಿದ್ದರು; ಒರೆಸಿದ ಕೀಲಿಯನ್ನೇ ಮತ್ತೆ ಮತ್ತೆ. ಅವರ ಕಿವಿ ಕೆಂಪಾಗಿತ್ತು. ಊರಿನವರ ದನಿಗಳನ್ನೆಲ್ಲ ಬದಿಗಿಟ್ಟು ನನ್ನದೇ ದನಿಯಲ್ಲಿ ಬಾಯಿಬಿಟ್ಟೆ.

"ತಪ್ಪಾಯ್ತು ಚಿಕ್ಕಪ್ಪ" ಎಂದೆ.

ಅವರು ಬಾಯಿ ತೆರೆದರು. "ತೆ... ತೆ..."

"ತೆಗೀತೀನಿ, ಈಗ್ಲೇ ತೆಗೀತೀನಿ!"

ನೋಡಿ, ಮತ್ತೆ ನಾನೇ ಮುಗಿಸಿದ್ದೆ! ಅವರು ಹಾಲಿನ ಬಟ್ಟೆ ಹಿಡಿದ ಕೈಯನ್ನು ಮೇಲೆತ್ತಿದರು. ಹುಟ್ಟಿದಾಗಿನಿಂದ ಮೊದಲ ಸಲ, ನಾನು ಬಾಯಿ ಮುಚ್ಚಿಕೊಂಡು ಕಾದೆ.

"ತೆ... ತೆಗೀಬೇಡ ಕಣ್ಲಾ. ಆ ಕಪ್ಪೆ ಇನ್ನೂ ಮಾತು ಮುಗ್ಸಿಲ್ಲ. ಅ... ಅದು ಪೂರ್ತಿ ಸ್ವಾಗತ ಅನ್ನೋಗಂಟ ರೆಕಾರ್ಡ್ ಮಾಡು."