ಅಕ್ಕನ ಸಂತೋಷ, ಅಪ್ಪನ ಹಲ್ಲುಸೆಟ್ಟು

ಅಥವಾ ಅಪ್ಪ ಅವತ್ತು ಹೊಡೆಯಲೇ ಇಲ್ಲವೋ ಏನೋ. ಹೊಡೆದ ಎಂದೇ ಐವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಸಾಮಾನ್ಯವಾಗಿ ಎಡಗೆನ್ನೆಗೆ, ಕೇಳುವವರು ಆಸಕ್ತಿ ತೋರಿಸಿದರೆ ಎರಡೂ ಕೆನ್ನೆಗೆ. ಸಂಗತಿ ಇಷ್ಟು: ಹರದನಹಳ್ಳಿಯ ನಮ್ಮ ಮನೆಯಲ್ಲಿ, ಹಾಸನದಲ್ಲಿ ಮಾಡಿಸಿ ತಂದ ಮೂರನೆಯ ದಿನಕ್ಕೇ ಅಪ್ಪನ ಹೊಸ ಹಲ್ಲುಸೆಟ್ಟು ಬಾವಿಗೆ ಬಿತ್ತು. ಮರುದಿನ ನೆಂಟರ ಮನೆ ಮದುವೆ. ಅಪ್ಪ ಊಟದ ಸಾಲಿನಲ್ಲಿ ಕೂತು ಬರೀ ಪಾಯಸ ಕುಡಿದು ಎದ್ದ. ಮನೆಗೆ ಬಂದು ಬೈದದ್ದು ಹಲ್ಲಿಲ್ಲದ್ದರಿಂದ ಯಾರಿಗೂ ಅರ್ಥವಾಗಲಿಲ್ಲ. ಹೊಡೆದದ್ದು ನನಗೆ ಅರ್ಥವಾಯಿತು. ಸೆಟ್ಟನ್ನು ಬಾವಿಗೆ ಹಾಕಿದವಳು ರತ್ನಕ್ಕ, ಏಟು ತಿಂದವನು ನಾನು. ಇದು ನನ್ನ ಕಡೆಯ ಇತಿಹಾಸ. ಅಕ್ಕನ ಕಡೆಯ ಇತಿಹಾಸದಲ್ಲಿ ಹಾಕಿದವನು ನಾನೇ, ಅವಳು ಪಾಪ ತಡೆಯಲು ಓಡಿಬಂದವಳು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದ ನನಗೆ ಒಂದು ಹಲ್ಲುಸೆಟ್ಟಿನ ಮೊಕದ್ದಮೆಯನ್ನು ತೀರ್ಮಾನಿಸಲು ಆಗಿಲ್ಲ.

ತೀರ್ಮಾನವಾಗದಿದ್ದರಿಂದ ಲಾಭವೇ ಇತ್ತು. ಹೊಳೆನರಸೀಪುರದಲ್ಲಿ ಈಗ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಅಕ್ಕ ಅಂಗನವಾಡಿ ಟೀಚರಾಗಿದ್ದು ನಿವೃತ್ತಳಾದವಳು. ಬಿಪಿ ಇದ್ದವರಿಗೆ ಡಾಕ್ಟರು ವಾಕಿಂಗ್ ಹೇಳುತ್ತಾರೆ. ನಮಗೆ ಹಲ್ಲುಸೆಟ್ಟಿನ ಜಗಳವೇ ವಾಕಿಂಗ್ ಆಗಿತ್ತು. ತಿಂಡಿಗೆ ಶುರುವಾದರೆ ಮಧ್ಯಾಹ್ನದ ಮುದ್ದೆಯ ಹೊತ್ತಿಗೆ ಇಬ್ಬರಿಗೂ ಚೆನ್ನಾಗಿ ಹಸಿವಾಗುತ್ತಿತ್ತು.

ಇಂಥ ಮನೆಗೆ ಸಂತೋಷ ಬಂದು ಎಲ್ಲ ಕೆಡಿಸಿತು. ಎರಡು ವರ್ಷದ ಹಿಂದೆ ಅಕ್ಕ ತನ್ನ ಜೊತೆ ಕೆಲಸಕ್ಕಿದ್ದ ಟೀಚರೊಬ್ಬರ ಸಂಗಡ ಹಾಸನಕ್ಕೆ ಭಾನುವಾರದ ಪ್ರಾರ್ಥನೆಗೆ ಹೋಗತೊಡಗಿದಳು. ಯೇಸುವಿನಿಂದ ತನಗೆ ಸಂತೋಷ ಸಿಕ್ಕಿದೆ, ಅದು ಹೋಗುವಂಥದ್ದಲ್ಲ ಎಂದಳು. ನನ್ನ ಅಭ್ಯಂತರವೇನೂ ಇರಲಿಲ್ಲ. ನಮ್ಮ ಹಾಲಿನಲ್ಲಿ ಬುದ್ಧನ ಪಟ ಇದೆ. ಕರ್ಟನ್ನಿನ ಬಣ್ಣಕ್ಕೆ ಹೊಂದುತ್ತದೆಂದು ನಾನೇ ತಂದದ್ದು. ಶಾಂತಿಗೆ ಬೇರೆ ಮಾತ್ರೆ ತಗೊಳ್ಳುತ್ತೇನೆ. ಅಕ್ಕನ ಸಂತೋಷಕ್ಕೆ ಯುಗಾದಿವರೆಗೆ ಗಡುವು ಕೊಟ್ಟೆ. ಯುಗಾದಿ ಹೋಯಿತು, ದೀಪಾವಳಿಯೂ ಹೋಯಿತು, ಸಂತೋಷ ಅಲ್ಲಾಡಲಿಲ್ಲ. ಹಾಸನದಿಂದ ಬಸ್ಸಿನಲ್ಲಿ ನಿಂತೇ ಬಂದ ದಿನ, "ಕಾಲು ನೋಯಲಿಲ್ಲವಾ?" ಎಂದು ಆಸೆಯಿಂದ ಕೇಳಿದೆ. "ನೋಯ್ತು ಕಣ್ಲಾ, ವಸಿ ಬಿಸಿನೀರು ಕಾಯ್ಸು" ಎಂದು ನಗುತ್ತಲೇ ಹೇಳಿದಳು. ಮೂರು ದಿನ ನಲ್ಲಿಯಲ್ಲಿ ನೀರು ಬರದಿದ್ದಾಗ ನಾನು ಎರಡು ಪುಟದ ಅರ್ಜಿ ಬರೆದೆ. ಅವಳು ಪಕ್ಕದ ಮನೆಯಿಂದ ಎರಡು ಕೊಡ ತಂದು ಹಾಡಿಕೊಂಡು ಅನ್ನಕ್ಕಿಟ್ಟಳು. ಒಂದು ಮನೆಯಲ್ಲಿ ಒಬ್ಬನೇ ಸಿಡುಕುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ತಡೆಯಲಾರದೆ ಹಲ್ಲುಸೆಟ್ಟಿನ ವಿಷಯ ತೆಗೆದೆ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. ಸುಮ್ಮನೆ ಎದ್ದು ಹೋದಳು.

ನಾಲ್ಕು ದಿನ ಬಿಟ್ಟು, ಊಟವಾದ ಮೇಲೆ ಎದುರಿಗೆ ಬಂದು ಕೂತಳು.

"ಒಂದ್ ಮಾತೈತೆ. ಪ್ರಾರ್ಥನೆಗೆ ಕೂತ್ರೆ ಅದೇ ಅಡ್ಡ ಬತ್ತದೆ. ಅಪ್ಪನ ಅಲ್ಲುಸೆಟ್ಟು ಬಾವಿಗೆ ಆಕ್ದೋಳು ನಾನೇ ಕಣ್ಲಾ. ಏಟು ನೀನ್ ತಿಂದೆ. ನನ್ನ ಕ್ಷಮಿಸ್ಬುಡು."

"ಈಗ್ಯಾಕಕ್ಕ ಅದೆಲ್ಲ?"

"ಬಾಯ್ಬುಟ್ಟು ಏಳು. ನೀನು ಏಳೋಗಂಟ ನಾನು ಹಾಸನಕ್ಕೆ ಓಗಕಿಲ್ಲ."

ಐವತ್ತು ವರ್ಷ ಕಾದ ಗೆಲುವು ಮಡಿಲಿಗೇ ಬಂದು ಬಿದ್ದಿತ್ತು. ನೋಡಲು ಸಾಕ್ಷಿಗೆ ಒಬ್ಬರೂ ಇಲ್ಲವಲ್ಲ ಎಂದು ಬೇಸರವಾಯಿತು. ಅಷ್ಟರಲ್ಲಿ ನನ್ನ ಬಲಗೈಯಿಂದ ಏನೋ ತಣ್ಣಗೆ ಜಾರಿದ ಹಾಗಾಯಿತು. ಗುಲಾಬಿ ಬಣ್ಣದ ವಸಡು, ಬಾವಿಕಟ್ಟೆಯ ಪಾಚಿ, ಹಲ್ಲು ನೀರಿನಲ್ಲಿ ತೇಲುತ್ತದೋ ಮುಳುಗುತ್ತದೋ ನೋಡೋಣ ಎಂಬ ಹುಡುಗನೊಬ್ಬನ ಕುತೂಹಲ. ಇದು ನನ್ನದೇ ನೆನಪೋ, ಅಕ್ಕ ಇಷ್ಟು ವರ್ಷ ಬೈದೂ ಬೈದೂ ನನ್ನೊಳಗೆ ಇಳಿಸಿದ ಚಿತ್ರವೋ? ತಿಳಿಯಲಿಲ್ಲ. ಅಕ್ಕಾ, ನಾನೇ ಇರಬಹುದು ಎಂದಿದ್ದರೆ ಮುಗಿಯುತ್ತಿತ್ತು. ಮೂರೇ ಮಾತು. ಆದರೆ ಏಟು ತಿಂದ ಅಮಾಯಕನಾಗಿ ಐವತ್ತು ವರ್ಷ ಬದುಕಿದವನಿಗೆ ಆ ಕೆಲಸ ಬಿಡುವುದು ಸುಲಭವಲ್ಲ. ಅದಕ್ಕೆ ನಿವೃತ್ತಿ ವಯಸ್ಸೂ ಇಲ್ಲ. ಸ್ವಾತಂತ್ರ್ಯ ದಿನದ ಭಾಷಣಕ್ಕೆ ನಿಂತವನಂತೆ ಗಂಟಲು ಸರಿಮಾಡಿಕೊಂಡು, "ಆಯ್ತಕ್ಕ, ಕ್ಷಮಿಸಿದ್ದೀನಿ" ಎಂದೆ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಮುಖವನ್ನೇ ನೋಡಿದಳು.

"ನೀನೇನಾದ್ರೂ ಏಳೋದೈತೇನ್ಲಾ?"

"ಏನಿಲ್ಲ."

"ಸರಿ ಬುಡು" ಎಂದು ನಕ್ಕು, ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಭಾನುವಾರ ಏಳು ಗಂಟೆಯ ಬಸ್ಸಿಗೆ ಹಾಸನಕ್ಕೆ ಹೊರಟಳು. ಕ್ಷಮಿಸಿದವನು ನಾನು, ಹಗುರವಾಗಿ ನಡೆದುಹೋದವಳು ಅವಳು.

ಬೇರೆಯವರ ತಪ್ಪನ್ನೆಲ್ಲ ತನ್ನ ಮೇಲೆ ಹೊತ್ತುಕೊಂಡ ಯೇಸುವಿನ ಕಥೆಯನ್ನು ಅವಳು ಅಲ್ಲಿ ವಾರವಾರವೂ ಕೇಳಿ ಬರುತ್ತಾಳೆ. ಅದು ತಲೆಗೆ ಬಂದಾಗಿನಿಂದ ನನ್ನ ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಕೇಳಿದರೆ ಅಕ್ಕ ಹೇಳಿಬಿಡುತ್ತಾಳೆ, ಆ ಹೆದರಿಕೆಗೇ ಕೇಳಿಲ್ಲ. ಅವಳು ಒಪ್ಪಿಕೊಂಡದ್ದು ಅವಳ ತಪ್ಪನ್ನೋ ನನ್ನದನ್ನೋ, ನನಗೆ ಗೊತ್ತಿಲ್ಲ.