ಪಾಳು ದೋಣಿಯಲ್ಲಿ ನನ್ನನ್ನು ವಾಸಕ್ಕೆ ಇಟ್ಟ ಇಲಾಖೆಗೆ

ಜಲಮಾರ್ಗ ಇಲಾಖೆಯ ಮುಖ್ಯಾಧಿಕಾರಿಗಳ ಸನ್ನಿಧಿಗೆ, ಕಾಲುವೆ ದಂಡೆಯ ಕೊನೇ ಮನೆಯ ಅಜ್ಜಿ ಎರಡೂ ಕೈ ಜೋಡಿಸಿ, ಮಂಡಿನೋವಿನ ದೆಸೆಯಿಂದ ಸ್ವಲ್ಪವೇ ಬಗ್ಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕಡತಗಳೂ ಇಟ್ಟಲ್ಲೇ ಸುಖವಾಗಿವೆ ಎಂದು ನಂಬಿದ್ದೇನೆ, ಏಕೆಂದರೆ ತಮ್ಮ ಇಲಾಖೆಯ ಕೈಸೇರಿದ ಯಾವ ವಸ್ತುವೂ ಅಲ್ಲಾಡಿದ್ದನ್ನು ನಾನು ಈ ವಯಸ್ಸಿನವರೆಗೆ ಕಂಡವಳಲ್ಲ. ಅಂಥದ್ದರಲ್ಲಿ ಬರುವ ಸೋಮವಾರ ತಾವು ಕ್ರೇನು ಕಳಿಸಿ ನಮ್ಮ ಮೆಟ್ಟಿಲ ಬಳಿಯ ಪಾಳು ದೋಣಿಯನ್ನು ಎತ್ತಿಸುತ್ತೀರೆಂದು ನೋಟಿಸಿನಲ್ಲಿ ಓದಿ, ಮಂಡಿನೋವನ್ನೂ ಮರೆತು ಎದ್ದು ನಿಂತೆ. ಕೆಳಗಿನ ಸಾಲಿನಲ್ಲಿ ನನ್ನ ಸೊಸೆಯ ದೋಣಿಯ ನಂಬರು ಕಂಡು ಹಾಗೇ ಕೂತೆ.

ನಮ್ಮ ಮೆಟ್ಟಿಲ ಬಳಿ ಇರುವುದು ಎರಡೇ ದೋಣಿ. ಒಂದು, ನಾಲ್ಕು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ತಂದು ಕಟ್ಟಿ, ಕಟ್ಟಿದ್ದನ್ನೇ ಮರೆತು ಹೋದ ದೊಡ್ಡ ದೋಣಿ. ಅದರ ಎಂಜಿನ್ನನ್ನು ಕಳ್ಳರು ಒಯ್ದರು, ಬಾಗಿಲನ್ನು ಗಾಳಿ ಒಯ್ದಿತು, ಅರ್ಧ ಹೊಟ್ಟೆ ನೀರೊಳಗಿದೆ, ಮಿಕ್ಕರ್ಧದಲ್ಲಿ ಹುಲ್ಲು ಬೆಳೆದಿದೆ, ಅದರಿಂದ ಸೋರುವ ಎಣ್ಣೆಯಿಂದ ಕಾಲುವೆಯ ಬಾತುಕೋಳಿಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿವೆ. ಇನ್ನೊಂದು ನನ್ನ ಸೊಸೆಯ ನೀಲಿ ದೋಣಿ. ನನ್ನ ಮಗ ಕಾರ್ಖಾನೆಯಲ್ಲಿ ಬೆನ್ನು ಮುರಿದುಕೊಂಡ ದಿನದಿಂದ ಆಕೆ ಹುಟ್ಟು ಹಾಕಿ ಅದರಲ್ಲಿ ಆಸ್ಪತ್ರೆಯ ನರ್ಸುಗಳನ್ನೂ ಶಾಲೆಯ ಮಕ್ಕಳನ್ನೂ ಆಚೆ ದಡಕ್ಕೆ ದಾಟಿಸುತ್ತಾಳೆ, ನಮ್ಮ ಮೂವರ ಊಟ ಬರುವುದು ಆ ಹುಟ್ಟಿನ ತುದಿಯಿಂದಲೇ.

ಇವೆರಡರಲ್ಲಿ ಪಾಳುಬಿದ್ದದ್ದು ಯಾವುದೆಂದು ಕಣ್ಣಿದ್ದ ಯಾರಾದರೂ ಹೇಳಿಯಾರು, ಆದರೆ ತಮ್ಮ ಇಲಾಖೆ ಬರೀ ಕಣ್ಣನ್ನು ನಂಬುವಂಥದ್ದಲ್ಲ, ಅದಕ್ಕೆ ನಿಯಮವಿದೆ. ಮೂರು ಸಲ ತಪಾಸಣೆಗೆ ಬಂದಾಗಲೂ ದೋಣಿಯಲ್ಲಿ ಯಾರೂ ಇಲ್ಲದೆ, ಬಳಕೆಯ ಗುರುತೂ ಕಾಣದೆ ಇದ್ದರೆ ಅದು ಪಾಳು ದೋಣಿ. ತಮ್ಮ ತಪಾಸಣೆ ಸಾಹೇಬರು ಮೂರು ಸಲವೂ ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ಬಂದರು. ಅಷ್ಟು ಹೊತ್ತಿಗೆ ಸೊಸೆ ದೋಣಿ ಕಟ್ಟಿ, ಯಾರಾದರೂ ಎತ್ತಿಕೊಂಡು ಹೋದಾರೆಂದು ಹುಟ್ಟನ್ನು ಹೆಗಲಿಗೇರಿಸಿ, ಊಟಕ್ಕೆ ಮನೆಗೆ ಬಂದಿರುತ್ತಾಳೆ. ಬರುವ ಮುಂಚೆ ದೋಣಿಯನ್ನು ಉಜ್ಜಿ ಒರೆಸಿ, ಒಂದು ಕಾಗದದ ಚೂರೂ ಉಳಿಯದಂತೆ ಚೊಕ್ಕಟ ಮಾಡಿರುತ್ತಾಳೆ. ಜನವಿಲ್ಲ, ಹುಟ್ಟಿಲ್ಲ, ಕಸವೂ ಇಲ್ಲ, ಆದ್ದರಿಂದ ಪಾಳು. ಚೊಕ್ಕಟವಾಗಿರುವುದು ಇಷ್ಟು ದೊಡ್ಡ ಅಪರಾಧವೆಂದು ಮೊದಲೇ ತಿಳಿದಿದ್ದರೆ ಆಕೆ ಮದುವೆಯಾಗಿ ಬಂದ ಹೊಸದರಲ್ಲೇ ನಾನು ತಿದ್ದುತ್ತಿದ್ದೆ.

ಇನ್ನು ಆ ದೊಡ್ಡ ದೋಣಿ. ಅದು ಬಂದು ನಿಂತಾಗಿನಿಂದ ನಮ್ಮ ಅಂಗಳಕ್ಕೆ ಬಿಸಿಲು ಬೀಳುತ್ತಿಲ್ಲ. ನನ್ನ ಬಿಸಿಲನ್ನು ಅದು ನುಂಗಿದ ಮೇಲೆ ನನ್ನ ಬಟ್ಟೆಯನ್ನೂ ಅದೇ ಒಣಗಿಸಲಿ ಎಂದು ಅದರ ಕಂಬಕ್ಕೊಂದು ಹಗ್ಗ ಬಿಗಿದೆ. ಸಾಹೇಬರ ವರದಿಯ ನಕಲು ನೋಟಿಸಿನ ಜೊತೆಗೇ ಇತ್ತು. ಮೊದಲ ಭೇಟಿ: ಒಂದು ಒಳಲಂಗ. ಎರಡನೇ ಭೇಟಿ: ಎರಡು ಹೊದಿಕೆ, ಒಂದು ದಿಂಬಿನ ಚೀಲ. ಮೂರನೇ ಭೇಟಿ: ಕಾಲುಚೀಲ, ಮೂರು. ಷರಾ: ವಯಸ್ಸಾದ ಮಹಿಳೆಯೊಬ್ಬರ ಕಾಯಂ ವಾಸ, ತೊಂದರೆ ಕೊಡತಕ್ಕದ್ದಲ್ಲ. ಮಾನ್ಯರೇ, ನನ್ನ ಒಳಲಂಗಕ್ಕೆ ನನ್ನ ಮನೆಯವರು ಕೂಡ ಇಂಥ ಮರ್ಯಾದೆ ಕೊಟ್ಟವರಲ್ಲ.

ಅದನ್ನು ಓದಿ ಹೇಳಿದಾಗ ನನ್ನ ಮಗ ಮಲಗಿದ್ದಲ್ಲೇ ಬೆನ್ನು ಹಿಡಿದುಕೊಂಡು ನಕ್ಕು, "ಅಮ್ಮಾ, ಅದನ್ನ ನಮ್ ದೋಣಿ ಮೇಲೆ ಒಣಗಹಾಕಿದ್ರೆ ಇವತ್ತು ಅದೇ ಉಳೀತಿತ್ತಲ್ಲೇ" ಎಂದ. ಸೊಸೆ ಮಾತ್ರ ನಗಲಿಲ್ಲ. "ಇಷ್ಟು ವರ್ಷ ಬೇಲಿ ಮೇಲೆ ಒಣಗ್ತಿತ್ತು, ಈಗ ನಿಮ್ ಬಟ್ಟೆಗೆ ಹಡಗೇ ಬೇಕಾಯ್ತಾ ಅತ್ತೆ" ಎಂದು ಒಂದೇ ಒಂದು ಮಾತು ಅಂದು ಎದ್ದು ಹೋದವಳು ಆಮೇಲೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದಳು. ದಿನಾ ಸಂಜೆ ದೋಣಿಯನ್ನು ಇನ್ನಷ್ಟು ಉಜ್ಜುತ್ತಾಳೆ. ಯಾಕಮ್ಮಾ ಇನ್ನೂ ಉಜ್ಜುತ್ತೀ ಎಂದು ಕೇಳಿದರೆ, "ತಗೊಂಡ್ ಹೋಗೋರು ಕೊಳಕು ದೋಣಿ ಅನ್ನಬಾರದು" ಎಂದಳು. ಅವಳು ನನ್ನನ್ನು ನಾಲ್ಕು ಬೈದಿದ್ದರೆ ಈ ಪತ್ರ ಬರೆಯುವ ಕಷ್ಟ ನನಗೂ, ಓದುವ ಕಷ್ಟ ತಮಗೂ ತಪ್ಪುತ್ತಿತ್ತು.

ತಪ್ಪು ನನ್ನದೆಂದು ಒಪ್ಪಿಕೊಳ್ಳಲು ಸಾಹೇಬರನ್ನೇ ಹುಡುಕಿಕೊಂಡು ಹೋಗಿ, ಆ ದೋಣಿಯಲ್ಲಿ ಯಾರೂ ಇಲ್ಲವೆಂದು ಹೇಳಿದೆ. ಹಾಗಾದರೆ ಬಟ್ಟೆ ಯಾರದ್ದೆಂದು ಕೇಳಿದರು. ನನ್ನದೇ ಎಂದೆ. ಅವರು ಬಹಳ ಪ್ರೀತಿಯಿಂದ, "ಹೆದರ್ಕೋಬೇಡಿ ಅಜ್ಜಿ, ನಿಮ್ಮನ್ನ ಯಾರೂ ಒಕ್ಕಲೆಬ್ಬಿಸಲ್ಲ" ಎಂದು ನನ್ನ ಬೆನ್ನು ಸವರಿ ಕಳಿಸಿದರು.

ಆದಕಾರಣ ತಮ್ಮ ಕಾಯಂ ನಿವಾಸಿಯಾಗಿ ನನ್ನ ಕೆಲವು ಸಣ್ಣ ಬೇಡಿಕೆಗಳಿವೆ. ನನ್ನ ಮಲಗುವ ಕೋಣೆ ಸೊಂಟದವರೆಗೆ ನೀರಿನಲ್ಲಿದೆ, ದಯಮಾಡಿ ಕಾಲುವೆಯನ್ನು ಒಂದು ಮೊಳ ಕೆಳಗಿಳಿಸಬೇಕು. ಅಡಿಗೆಮನೆಯಲ್ಲಿ ಬಾತುಕೋಳಿ ಮೊಟ್ಟೆಯಿಟ್ಟಿದೆ, ಅದಕ್ಕೂ ವಾಸದ ಪತ್ರ ಕೊಡಿಸಬೇಕು. ಇವೆರಡೂ ಆಗದಿದ್ದರೆ, ಸೋಮವಾರ ಬರುವ ಕ್ರೇನಿನ ಕೊಕ್ಕೆಯನ್ನು ಎಡಗಡೆಗೆ ಹತ್ತೇ ಹೆಜ್ಜೆ ಸರಿಸಿದರೆ ಸಾಕು. ಮೂರರಲ್ಲಿ ಇಲಾಖೆಗೆ ತೀರಾ ಕಷ್ಟವಾದದ್ದು ಈ ಕೊನೆಯದೇ ಇರಬೇಕೆಂದು ನನ್ನ ಅನುಮಾನ.

ಅಲ್ಲಿಯವರೆಗೆ ನಾನೂ ಸುಮ್ಮನೆ ಕೂತಿಲ್ಲ. ನಿನ್ನೆಯಿಂದ ನನ್ನ ಹಗ್ಗ, ಹೊದಿಕೆ, ಒಳಲಂಗ ಸಮೇತ ಸೊಸೆಯ ದೋಣಿಗೆ ವಾಸ ಬದಲಿಸಿದ್ದೇನೆ. ಆಚೆ ದಡಕ್ಕೆ ಹೋಗುವ ನರ್ಸುಗಳು ಒದ್ದೆ ಹೊದಿಕೆಯ ಕೆಳಗೆ ತಲೆ ತಗ್ಗಿಸಿ ಕೂರುತ್ತಾರೆ, ಶಾಲೆಯ ಮಕ್ಕಳಿಗಂತೂ ಹಬ್ಬ. ಹುಟ್ಟು ಹಾಕುತ್ತಿದ್ದ ಸೊಸೆ ಮೂರು ದಿನದ ಮೇಲೆ ಮೊದಲ ಸಲ ತಾನಾಗಿ ಬಾಯಿ ಬಿಟ್ಟು, "ಅತ್ತೆ, ನಿಮ್ ಲಂಗ ಮುಖಕ್ಕೆ ಬಡೀತಿದೆ, ಆ ಕಡೆ ಎಳೀರಿ" ಎಂದು ಗದರಿದಳು. ಎಷ್ಟು ಹಿತವಾಯಿತೆಂದರೆ, ಎಳೆಯಲೇ ಇಲ್ಲ. ಸೋಮವಾರ ಒಂದೂವರೆಗೆ ನಾನು ಆ ದೋಣಿಯಲ್ಲೇ ಊಟ ಮಾಡುತ್ತಿರುತ್ತೇನೆ. ಎತ್ತುವುದಿದ್ದರೆ ತಟ್ಟೆ ಸಮೇತ ಎತ್ತಬೇಕಾದೀತು.

ಇನ್ನೂ ಒಣಗದ ಗೌರವಾದರಗಳೊಂದಿಗೆ,

ತಮ್ಮ ವಿಶ್ವಾಸಿ,
ಕಾಲುಚೀಲ ಮೂರರ ಅಜ್ಜಿ

ತಾ.ಕ.: ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು ತಮ್ಮ ಕೈಗೇ ಕೊಡೋಣವೆಂದು ಮಂಗಳವಾರ, ಬುಧವಾರ, ಗುರುವಾರ ಕಚೇರಿಗೆ ಬಂದಿದ್ದೆ. ಮೂರು ಸಲವೂ ತಮ್ಮ ಕುರ್ಚಿಯಲ್ಲಿ ಯಾರೂ ಇರಲಿಲ್ಲ, ಬಳಕೆಯ ಗುರುತೂ ಕಾಣಲಿಲ್ಲ. ನಿಯಮವನ್ನು ಮೀರುವುದು ಬೇಡವೆಂದು ಕುರ್ಚಿಯ ಬೆನ್ನಿಗೆ ನೋಟಿಸು ಅಂಟಿಸಿ ಬಂದಿದ್ದೇನೆ. ಕ್ರೇನಿನವರಿಗೂ ಹೇಳಿಯಾಗಿದೆ, ವಾಪಸು ಹೋಗುವ ದಾರಿಯಲ್ಲೇ ತಮ್ಮ ಕಚೇರಿ ಸಿಗುತ್ತದಂತೆ.