ಜೇನುತುಪ್ಪಕ್ಕೆ ಮಾವನ ತಕರಾರು

“ಚಿನ್ನದುಂಗುರ ಅದ್ದಿ ಒಂದೇ ಒಂದ್ಸಲ ನೆಕ್ಸೋದಮ್ಮ. ಇಡೀ ಸೀಸೆ ಕುಡಿಸ್ತೀನಿ ಅಂದ್ನಾ?”

“ಒಂದು ಹನಿನೂ ಬೇಡ ಅತ್ತೆ. ವರ್ಷ ತುಂಬೋವರ್ಗೂ ಜೇನುತುಪ್ಪ ಕೊಡ್ಬಾರ್ದು.”

ಅರೆಕೆರೆಯ ಆ ಮನೆಯಲ್ಲಿ ಬೆಳಗಿನಿಂದ ಇದೇ ರಾಮಾಯಣ. ಐದು ತಿಂಗಳ ಕೂಸಿಗೆ ಅಂದು ನಾಮಕರಣ, ಇನ್ನೇನು ನೆಂಟರು ಬರುವ ಹೊತ್ತು. ಲಕ್ಷ್ಮಿದೇವಮ್ಮ ಬಾಡಿಗೆಯವರಿಗೆ ಗೋಡೆಗೊಂದು ಮೊಳೆ ಹೊಡೆಯಲೂ ಬಿಡದ ಓನರಮ್ಮ. ಅಂಥವರ ಮೊಮ್ಮಗನ ಬಾಯಿಗೇ ಸೊಸೆ ಅರ್ಪಿತ ಬೀಗ ಹಾಕುವುದೆಂದರೇನು? ಮಗನಿಗೂ ಹೀಗೇ ನೆಕ್ಕಿಸಿದ್ದೆ, ಅವನಿಗೇನಾಯಿತು ಎಂದು ಕೇಳಿದರು. ಫೋನಿನ ಹಿಂದೆ ಅವಿತು ಕೂತಿದ್ದ ಗಂಡನನ್ನು ಅರ್ಪಿತ ಒಮ್ಮೆ ನೋಡಿದಳು. ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡಳು.

“ಜೇನಲ್ಲಿ ಒಂಥರಾ ಬ್ಯಾಕ್ಟೀರಿಯಾ ಇರ್ಬೋದು ಅತ್ತೆ. ನಮ್ಮ ಹೊಟ್ಟೆ ತಡ್ಕೊಳ್ಳುತ್ತೆ. ಮಗು ಹೊಟ್ಟೇಲಿ ಅದು ಬೆಳೆದು ವಿಷ ಆಗುತ್ತೆ. ಕೈಕಾಲು ಸೋತು ಹಾಲು ಚೀಪೋಕೂ ಆಗಲ್ಲ, ಉಸಿರಾಡೋಕೂ ಕಷ್ಟ.”

“ಹಂಗಾದ್ರೆ ಕಾಯಿಸಿ ಕೊಡೋಣ.”

“ಕಾಯ್ಸಿದ್ರೂ ಅದು ಸಾಯಲ್ಲ.”

“ಅದೆಲ್ಲ ಅಂಗಡಿ ಜೇನಿಗೆ. ಇದು ನಮ್ಮ ಹಿತ್ಲು ಹಲಸಿನ ಮರದ್ದು, ಅಪ್ಪಟ.”

ಅಪ್ಪಟದಲ್ಲೂ ಇರುತ್ತದೆ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಮಾವ ಬೈರಣ್ಣ ಎದ್ದು ನಿಂತರು. ಹೆಂಡತಿಯ ಮಾತಿಗೆ ಅವರು ಎದುರಾಡಿದ್ದನ್ನು ಅರ್ಪಿತ ಮದುವೆಯಾಗಿ ಬಂದಾಗಿನಿಂದ ಕಂಡವಳಲ್ಲ.

“ಹುಡ್ಗಿ ಹೇಳೋದು ಸರಿ. ಸೈನ್ಸು ಅಂದ್ರೆ ಸೈನ್ಸು. ಆ ಸೀಸೆ ಮುಚ್ಚಳಾನೇ ತೆಗೀಬೇಡ.”

ಅರ್ಪಿತಳಿಗೆ ಕಣ್ಣು ತುಂಬಿ ಬಂತು. ಈ ಮನೆಯಲ್ಲಿ ತನ್ನ ಪರವಾಗಿಯೂ ಒಬ್ಬರಿದ್ದಾರಲ್ಲ ಎಂದುಕೊಂಡಳು.

ಲಕ್ಷ್ಮಿದೇವಮ್ಮನ ಪಿತ್ತ ನೆತ್ತಿಗೇರಿತು. ವಿಷವೋ ಅಮೃತವೋ ತಾನೇ ತಿಂದು ತೋರಿಸುತ್ತೇನೆಂದು ಮುಚ್ಚಳ ತಿರುಗಿಸಿ, ಉಂಗುರ ಅದ್ದಿ ನೆಕ್ಕಿದರು. ಮತ್ತೊಮ್ಮೆ ನೆಕ್ಕಿದರು.

“ಏನ್ರೀ, ಇದು ಬೆಲ್ಲದ ಪಾಕ. ಇದ್ರಲ್ಲಿದ್ದ ಜೇನು ಯಾರ ಹೊಟ್ಟೆಗೆ ಹೋಯ್ತು?”

ಶುಗರ್ ಇದೆಯೆಂದು ಡಾಕ್ಟರು ಸಿಹಿ ಬಿಡಿಸಿದ್ದ ಬೈರಣ್ಣ ತಲೆಯೆತ್ತಿ ಫ್ಯಾನನ್ನೇ ನೋಡತೊಡಗಿದರು. ಬಂದ ಕಣ್ಣೀರು ವಾಪಸ್ ಹೋಯಿತು ಅರ್ಪಿತಳಿಗೆ. ಆದರೂ ಬಿಡಲಿಲ್ಲ, ಬೆಲ್ಲವೂ ಕೂಡದು, ಆರು ತಿಂಗಳವರೆಗೆ ಹಾಲು ಬಿಟ್ಟು ಬೇರೇನೂ ಇಲ್ಲ ಎಂದಳು.

ಲಕ್ಷ್ಮಿದೇವಮ್ಮ ಉಂಗುರವನ್ನು ಸೆರಗಿನಲ್ಲಿ ಒರೆಸಿ ಬೆರಳಿಗೆ ಹಾಕಿಕೊಂಡರು.

“ಆಯ್ತಮ್ಮ, ನೀನೇ ಗೆದ್ದೆ. ಇನ್ಮೇಲೆ ಈ ಮನೇಲಿ ಇಬ್ರಿಗೆ ಜೇನುತುಪ್ಪ ಇಲ್ಲ. ಒಬ್ರಿಗೆ ಇನ್ನೂ ಹಲ್ಲು ಬಂದಿಲ್ಲ, ಇನ್ನೊಬ್ರಿಗೆ ಇನ್ನೂ ಬುದ್ಧಿ ಬಂದಿಲ್ಲ.”